ದೇವಿಕೊಪ್ಪದ ಹೀರಿಬೀಜ

ಮೊರಬ
ಸೋಮವಾರ, ೧೯-೫-೧೯೮೬

ನೀಲಾನ ಅಪ್ಪಾರಿಗೆ ರೇವವ್ವ ಮಾಡುವ ಶರಣು ಶರಣಾರ್ಥಿ.

ನಾವೆಲ್ಲಾ ಇಲ್ಲಿ ಆರಾಮ ಅದೀವಿ. ನೀವೂ ಆರಾಮ ಇದ್ದೀರಿ ಅಂತ ತಿಳಕೊಂಡೀನಿ. ಯುಗಾದಿಗೆ ಬಂದಾಗ ಭಾಳ ಕೆಮ್ಮತಿದ್ರಿ, ಅದು ಕಡಿಮಿ ಆತೋ ಇಲ್ಲೋ ಒಂದ ಮಾತೂ ಬರದಿಲ್ಲ ನೀವು. ಊರ ದನಕ್ಕೆಲ್ಲಾ ಔಷಧ ಕೊಡಾಂವರು ತಮ್ಮ ಔಷಧ ಮರೀತೀರಿ. ಜ್ಯೇಷ್ಠಮಧು ಬಾಯಾಗ ಇಟಗೊಳ್ರಿ, ಬಿಸಲಾಗಿಂದ ಬಂದ ಕೂಡ್ಲೆ ಗಡಿಗಿ ನೀರ ಕುಡೀಬ್ಯಾಡ್ರಿ. ಅತ್ತಿಯವರ ಮೊಣಕಾಲಿಗೆ ದಿನಾ ಎಣ್ಣಿ ತಿಕ್ಕಾಕತ್ತೀನಿ, ಈಗ ಗೋಡಿ ಹಿಡೀಲಾರದ ಹಿತ್ತಲ ತನಕ ಹೋಗಿ ಬರ್ತಾರ. ನೀಲಾ ನಾಕನೇತ್ತೆ ಪಾಸಾದಳು. ಗಣಿತದಾಗ ಕಡಿಮಿ ಬಿದ್ದಾವ, "ಅಪ್ಪಗ ಬರೀಬ್ಯಾಡ" ಅಂದಾಳ, ನಾ ಬರದಿಲ್ಲ ಅಂತ ತಿಳಕೊಳ್ರಿ. ಎಮ್ಮಿ ಈಗ ಒಂದ ಹೊತ್ತ ಅಷ್ಟ ಹಿಂಡತೈತಿ. ಬಿಸಲಂತೂ ಕೇಳಬ್ಯಾಡ್ರಿ, ಎರಿ ಹೊಲದಾಗ ನೀಲಾನ ಕಾಲ ಸಿಗೋವಷ್ಟು ಬಿರಕ ಬಿಟ್ಟಾವ.

ನಿಮ್ಮ ಪತ್ರ ಬುಧವಾರ ಬಂತು. "ಬರೂ ಮುಂಗಾರಿಗೆ ನಮ್ಮ ಹಿತ್ತಲದಾಗ ಏನೇನ ಕಾಯಿಪಲ್ಲೆ ಹಾಕತಿ ಬರಿ, ಬೀಜ ಇಲ್ಲಿಂದ ತರ್ತೀನಿ" ಅಂತ ಕೇಳೀರಿ. ಹೇಳ್ತೀನಿ. ಆದ್ರ ಅದಕ್ಕಿಂತ ಮೊದಲ ಒಂದ ಮಾತು. ಹೋದ ಜೂನದಾಗ ನಿಮ್ಮನ್ನ ದೇವಿಕೊಪ್ಪದ ದನದ ದವಾಖಾನಿಗೆ ವರ್ಗಾ ಮಾಡಿದಾಗ, ಒಬ್ಬ ಕಂಪೌಂಡರಗ ಒಂದು ಖೋಲಿ ಸಾಕು ಅಂತ ಹೊಳೆಪ್ಪಜ್ಜನ ಮನಿ ಹಿಂದಿನ ಖೋಲಿ ಹಿಡದ್ರಿ. ಆವಾಗ ಮನ್ಯಾಗ ಒಬ್ಬ ಮುದುಕ ಅದಾನ ಅಂತ ಬರದಿದ್ರಿ. ದಸರಾ ಆದ ಮ್ಯಾಲೆ, ಅಂವಗ ಒಬ್ಬಾಕಿ ಮಗಳ ಅದಾಳ, ಗಂಡ ತೀರಿಕೊಂಡ ಮ್ಯಾಲೆ ತವರಿಗೆ ಬಂದಾಳ ಅಂತ ಬರದ್ರಿ. ಸಂಕ್ರಾಂತಿಗೆ ಆಕಿ ಹೆಸರ ರೇಣುಕವ್ವ ಅಂತ ಗೊತ್ತಾತು. ಈಗ ಎರಡ ಮಗ್ಗಲ ಪತ್ರದಾಗ ಒಂದೂವರಿ ಮಗ್ಗಲ ರೇಣುಕವ್ವನ ಹಿತ್ತಲ. ಆಕಿ ಬದನಿ ಹಿಂಗ ಬಂದಾವ, ಆಕಿ ತೊಂಡಿ ಚಪ್ಪರ ಹಂಗ ಹಬ್ಬೇತಿ, ಆಕಿ ಮೆಂತೆ ಸಾಲ ಗೆರಿ ಹೊಡದಂಗ ಅದಾವ. ಕೊನಿಗೆ ಒಂದ ಸಾಲು: "ನೀ ಹುಷಾರ ಇರು." ನಾ ಹುಷಾರ ಇರಲಾರದ ಎಲ್ಲಿ ಹೋಗಲಿ? ಪತ್ರ ಅತ್ತಿಯವರಿಗೆ ಓದಿ ಹೇಳೂವಾಗ ನಡುವಿನ ಮಾತ ಹಾರಿಸಿ ಓದತೀನಿ. ಅವರು "ಇಷ್ಟ ಬರದಾನ? ಹಾಳಿ ತುಂಬ ಅಕ್ಷರ ಕಾಣತಾವಲ್ಲ" ಅಂತಾರ. "ದನದ ಸುದ್ದಿ ಅದಾವ್ರಿ ಅತ್ತಿ" ಅಂತೀನಿ.

ಇನ್ನೊಂದು ತಪ್ಪ ಮಾಡೀನಿ, ಅದನ್ನೂ ಹೇಳಿಬಿಡ್ತೀನಿ. ಯುಗಾದಿಗೆ ನೀವು ಕಾಗದದ ಪುಡಕ್ಯಾಗ ಹೀರಿಬೀಜ ತಂದು ಕೊಟ್ರಿ. "ರೇಣುಕವ್ವ ಕೊಟ್ಟಾಳ, ಮೊಳದುದ್ದ ಆಗತಾವಂತ" ಅಂದ್ರಿ. ಪುಡಕಿ ಮ್ಯಾಲ ಆಕಿ ಕೈಲೆ "ಹೀರಿ" ಅಂತ ಬರದಿದ್ಲು. ಅಕ್ಷರ ಮುತ್ತಿನಂಗ ದುಂಡಗ ಇದ್ದೂ. ನಾನೂ ಏಳನೇತ್ತೆ ಕಲತೀನಿ, ಆದ್ರ ನನ್ನ ಅಕ್ಷರ ಕೋಳಿ ಕೆದರಿದಂಗ ಅಂತ ನೀವ ಮದುವಿ ಆದ ವರ್ಷ ನಕ್ಕಿದ್ರಿ. ನೀವು ಬಸ್ ಹತ್ತಿ ಹೋದ್ರಿ, ನಾ ಸೀದಾ ಹಿತ್ತಲಕ್ಕ ಬಂದು ಪುಡಕಿ ಬಿಚ್ಚಿ ಬೀಜ ಎಲ್ಲಾ ತಿಪ್ಪಿಗೆ ಒಗದ್ನಿ. ಕಾಗದ ಒಲಿಗೆ ಹಾಕಿದ್ನಿ. ಬಾಜು ಮನಿ ಮಲಿಕಾಬಿಯ ಕೋಳಿ ಬಂದು ಆರಿಸಿಕೊಂಡು ತಿನ್ನಲಿ ಅಂತ ನಿಂತು ನೋಡಿದ್ನಿ. ಅವಕ್ಕೂ ಬ್ಯಾಡಾದೂ.

ಯುಗಾದಿ ಆದ ವಾರಕ್ಕ ಒಂದ ಅಡ್ಡಮಳಿ ಹೊಡೀತು ನೋಡ್ರಿ. ಹತ್ತ ದಿನದಾಗ ತಿಪ್ಪಿ ತುಂಬ ಹೀರಿ ಸಸಿ! ನಾ ಬದನಿ ಬೀಜ ಬೂದಿ ಹಚ್ಚಿ, ನೀರ ಚಿಮುಕಿಸಿ, ಗೋಣಿಚೀಲ ಮುಚ್ಚಿ ಕಾದ್ರೂ ನಾಕ ಸಸಿ ಏಳಂಗಿಲ್ಲ. ಆಕಿ ಬೀಜ ತಿಪ್ಪಿಗೆ ಒಗದ್ರೂ ನಗಕೋತ ಎದ್ದಾವ. ಅತ್ತಿಯವರು ಕೋಲ ಊರಿಕೊಂಡು ಬಂದು ನೋಡಿ, "ಯಾರ ಹಾಕಿದ್ರ ಬೇ ಇವನ್ನ?" ಅಂದ್ರು. "ಹಕ್ಕಿ ತಂದ ಹಾಕಿರಬೇಕ್ರಿ" ಅಂದ್ನಿ. ನೀಲಾ ಅಲ್ಲೇ ನಿಂತಿದ್ಲು, "ಅವ್ವ ಒಗದಾಳ ಆಯಿ, ಅಪ್ಪ ತಂದ ಬೀಜ" ಅಂದಳು. ಅತ್ತಿಯವರು ನನ್ನ ಮುಖ ನೋಡಿದ್ರು. ಬೈಲಿಲ್ಲ. "ನಾಕ ಕಟಗಿ ತಾ, ಬಳ್ಳಿಗೆ ಆಸರ ಕೊಡೂಣು" ಅಂದ್ರು. ಅವತ್ತಿಂದ ಸಗಣಿ ಬುಟ್ಟಿ ಹೊತಗೊಂಡು ಹೋದ್ರ "ಆ ಕಡೆ ಚೆಲ್ಲು, ಬಳ್ಳಿ ಮ್ಯಾಲ ಹಾಕಬ್ಯಾಡ" ಅಂತ ಕಟ್ಟಿ ಮ್ಯಾಲಿಂದ ಕೂಗತಾರ. ಈಗ ಬಳ್ಳಿ ಬೇಲಿ ಏರಾಕತ್ತೈತಿ. ಬಂದ ಬಂದಾಕಿಗೆ "ನನ್ನ ಮಗ ದೇವಿಕೊಪ್ಪದಿಂದ ತಂದ ಬೀಜ" ಅಂತ ತೋರಿಸ್ತಾರ. ನಾ ಒಳಗ ಹೋಗಿ ರೊಟ್ಟಿ ಬಡೀತೀನಿ, ಸ್ವಲ್ಪ ಜೋರಲೆ.

ಇನ್ನ ನೀವು ಕೇಳಿದ್ದು. ಬದನಿ ಹಾಕತೀನಿ. ನಮ್ಮ ಮುಳಗಾಯಿ ಬದನಿ ಹಾಕತೀನಿ, ಬೀಜ ಮಲಿಕಾಬಿ ಕೊಡತಾಳ. ಯುಗಾದಿ ಮರುದಿನ ಎಣ್ಣಿಗಾಯಿ ಮಾಡಿ ನೀಡಿದ್ರ, ಎರಡ ತುತ್ತ ತಿಂದು "ದೇವಿಕೊಪ್ಪದ ಬದನಿ ಇದಕ್ಕಿಂತ ಎಳೇವು" ಅಂದ್ರಿ. ನೆನಪೈತೇನ್ರಿ? ಬೆಣ್ಣಿ ತರ್ತೀನಿ ಅಂತ ಒಳಗ ಹೋದಾಕಿ ಎಷ್ಟೋ ಹೊತ್ತ ಬರಲಿಲ್ಲ. ಆ ಬದನಿಗೆ ನಾ ಕೆರಿಯಿಂದ ಹೊತ್ತು ತಂದ ನೀರ ಹಾಕಿದ್ನಿ. ಭಾಂವಿ ನೀರ ಸವಳು, ಅದನ್ನ ಹಾಕಿದ್ರ ಎಲಿ ಸುಟ್ಟಂಗ ಆಗತಾವ. ಭಾಂಡೆ ತಿಕ್ಕಿದ ನೀರು, ನೀಲಾನ ಜಳಕದ ನೀರು, ಅಕ್ಕಿ ತೊಳದ ನೀರು ಎಲ್ಲಾ ಗಿಡಕ್ಕ. ಆಕಿ ಊರಾಗ ಅರ್ಧ ವರ್ಷ ಮಳಿ. ಕೆಂಪ ಮಣ್ಣು, ಕೈಲೆ ಕೆದರಿದ್ರ ಬೀಜ ಹೋಗತೈತಿ. ಆಕಿ ಕೈಗುಣ ಅಂತ ಬರೀತೀರಿ ನೀವು. ಕೈಗುಣಲ್ರಿ, ಮಳಿಗುಣ. ಮೊರಬದ ಎರಿ ಮಣ್ಣಾಗ ಬ್ಯಾಸಗ್ಯಾಗ ಒಂದ ಬೆಂಡಿಗಿಡ ಉಳಸಲಿ ಆಕಿ, ಆಮ್ಯಾಲೆ ನಾನೂ ಹೊಗಳತೀನಿ.

ಬೆಂಡಿ ಎರಡ ಸಾಲ, ಜಳಕದ ಬಚ್ಚಲ ಬಾಜು. ಪುಂಡಿಪಲ್ಲೆ ಬೇಲಿಗುಂಟ, ಅದಕ್ಕ ಯಾರೂ ಲಕ್ಷ್ಯ ಕೊಡದಿದ್ರೂ ಬೆಳೀತೈತಿ. ನನಗ ಅದರ ಮ್ಯಾಲ ಈಗೀಗ ಮಾಯಾ ಹೆಚ್ಚಾಗೇತಿ. ಚವಳಿಕಾಯಿ ಅತ್ತಿಯವರಿಗೆ ಬೇಕಂತ. ಮೆಂತೆ ಒಂದ ಮಡಿ, ಕೊತಂಬರಿ ಒಂದ ಮಡಿ. ಸವತಿಕಾಯಿ ಹಾಕಂಗಿಲ್ಲ. ನೀಲಾಗ ಖಾರಾ ಉಪ್ಪು ಹಚಗೊಂಡು ತಿನ್ನಾಕ ಭಾಳ ಸೇರತೈತಿ, ಆದ್ರೂ ಹಾಕಂಗಿಲ್ಲ. "ಯಾಕವ್ವಾ?" ಅಂತ ಕೇಳಿದ್ಲು. ಹೆಸರಿನಾಗ ಐತಿ ಅಂದ್ನಿ. ಆಕಿಗೆ ತಿಳೀಲಿಲ್ಲ. ಮಲಿಕಾಬಿ ಬೇಲಿ ಆ ಕಡೆಯಿಂದ ಕೇಳಿಸಿಕೊಂಡು, "ಸವತಿ ಬಂದಳೇನ ರೇವವ್ವಾ?" ಅಂತ ನಕ್ಕಳು. ನನಗ ನಗಿ ಬರಲಿಲ್ಲ. ತೊಂಡಿ ಅಂತೂ ಬ್ಯಾಡೇ ಬ್ಯಾಡ. ಚಪ್ಪರಕ್ಕ ಬಿದಿರ ಬೇಕು, ಬಿದಿರಕ್ಕ ದೇವಿಕೊಪ್ಪ ಬೇಕು. ಬ್ಯಾಡ.

ಹನ್ನೊಂದ ವರ್ಷಾತು ನಾ ಈ ಮನಿಗೆ ಬಂದು. ಈ ಹಿತ್ತಲದಾಗ ನೀವು ಒಂದ ದಿನ ಗುದ್ದಲಿ ಹಿಡದದ್ದು ನಾ ನೋಡಿಲ್ಲ. ಮಣ್ಣಾಗ ಕೈ ಇಟ್ರ ಉಗುರಿನಾಗ ಹೋಗತೈತಿ, ಇಂಜೆಕ್ಷನ್ ಕೊಡೂ ಕೈ ಅಂತಿದ್ರಿ. ಈಗ ಆ ಪತ್ರದಾಗ "ಇವತ್ತ ಆರ ಮಡಿ ಮಾಡಿದ್ವಿ" ಅಂತ ಬರದೀರಿ. ಮಾಡಿದ್ವಿ! "ಮಾಡಿದ್ಲು" ಅಂತ ಬರದಿದ್ರ ನಾ ಇಷ್ಟ ಬರೀತಿದ್ದಿಲ್ಲ. ಆ ಒಂದ ಮಾತು ಬುಧವಾರದಿಂದ ನನ್ನ ಗಂಟಲದಾಗ ಮೀನಿನ ಮುಳ್ಳಿನಂಗ ಕುಂತೈತಿ, ಮೀನ ತಿನ್ನಲಾರದ ಮಂದಿ ನಾವು, ಆದ್ರೂ ಹಂಗ ಅನಸ್ತೈತಿ.

ಸಿಟ್ಟಿಲೆ ಏನೇನೋ ಬರದ್ನಿ, ತಪ್ಪ ತಿಳಕೋಬ್ಯಾಡ್ರಿ. ಗಂಡ ಸತ್ತ ಹೆಣಮಗಳು, ಮುದುಕ ಅಪ್ಪನ್ನ ಕಟಗೊಂಡು ಹಿತ್ತಲದಾಗ ಬೆಳದದ್ದು ಕಲಘಟಗಿ ಸಂತಿಗೆ ಮಾರಿ ಬದುಕ್ತಾಳ ಅಂತ ನೀವ ಬರದಿದ್ರಿ. ಆಕಿ ಮ್ಯಾಲ ಹೊಟ್ಟಿಕಿಚ್ಚ ಪಡೂದು ಚಲೋ ಅಲ್ಲಂತ ನನಗ ಗೊತ್ತೈತಿ. ಗೊತ್ತಿದ್ರೂ ಬರ್ತೈತಿ, ಏನ ಮಾಡಲಿ. ರೋಹಿಣಿ ಮಳಿ ಕೂಡೂದಕ್ಕ ಇನ್ನ ವಾರ ಉಳದೈತಿ, ಅಷ್ಟರಾಗ ಮಡಿ ಅಗದು ಇಡಬೇಕು. ಹೊಳೆಪ್ಪಜ್ಜಗ ನನ್ನ ಶರಣು ಹೇಳ್ರಿ. ಆಕಿಗೂ ಹೇಳ್ರಿ, ಬೇಕಾದ್ರ. ಅತ್ತಿಯವರ ಆಶೀರ್ವಾದ ನಿಮಗ ಐತಿ, ನೀಲಾ ನಮಸ್ಕಾರ ಹೇಳ್ಯಾಳ. ಉಗುರ ತಕ್ಕೊಂಡು ಕೈ ಚಲೋತ್ನಾಗ ತೊಳಕೊಂಡು ಉಣ್ರಿ.

ಇಂತಿ ನಿಮ್ಮ
ರೇವವ್ವ

ತಾ. ಕ.: ಟಪಾಲಿನ ಹೊಳಬಸಪ್ಪ ಕಟ್ಟಿ ಮ್ಯಾಲ ಕುಂತು ಚಾ ಕುಡ್ಯಾಕತ್ತಾನ, ಅಂವ ಕಪ್ ಕೆಳಗ ಇಡೂದ್ರಾಗ ಇದನ್ನ ಬರದು ಮುಗಸಬೇಕು. ಮ್ಯಾಲೆ ಬರದದ್ದೆಲ್ಲಾ ಖರೆ, ಆದ್ರ ಒಂದ ಮಾತ ಮುಚ್ಚಿಟ್ಟೀನಿ. ನಿನ್ನಿ ರವಿವಾರ ನಾ ದೇವಿಕೊಪ್ಪಕ್ಕ ಬಂದಿದ್ನಿ. ಅತ್ತಿಯವರಿಗೆ ಯಮನೂರ ದೇವರಿಗೆ ಹೋಗಿ ಬರ್ತೀವಿ ಅಂತ ಸುಳ್ಳ ಹೇಳಿ, ಮಲಿಕಾಬಿನ್ನ ಜೋಡಿ ಕರಕೊಂಡು ಮುಂಜಾನೆ ಮೊದಲನೇ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಕಲಘಟಗಿ ದಾಟಿ ಬಂದ್ನಿ. ಹೊಳೆಪ್ಪಜ್ಜನ ಮನಿ ಕೇಳಿದ್ವಿ, ತೋರಿಸಿದ್ರು. ಬೇಲಿ ಹೊರಗ ಹುಣಸಿ ಗಿಡದ ಮರಿಗೆ ನಿಂತ್ವಿ. ನೀವು ಬನಿಯನ್ ಮ್ಯಾಲ ಇದ್ರಿ, ಕೈಕಾಲೆಲ್ಲಾ ಕೆಂಪ ಮಣ್ಣು. ಮುದುಕ ಹೊರಸಿನ ಮ್ಯಾಲ ಕುಂತಿದ್ದ. ಆಕಿ ದೂರ ಚಪ್ಪರಕ್ಕ ಹಗ್ಗ ಬಿಗೀತಿದ್ಲು. ನೀವು ಗುದ್ದಲಿ ಹೆಗಲ ಮ್ಯಾಲ ಇಟಗೊಂಡು, ಯಾರದೋ ನಡಿಗಿ ನಡದು ತೋರಿಸಿ, ಏನೋ ಹೇಳಿದ್ರಿ. ಮುದುಕ ನಕ್ಕ. ಆಕಿ ಹಗ್ಗ ಬಿಟ್ಟು ಸೊಂಟ ಹಿಡಕೊಂಡು ನಕ್ಕಳು. ನೀವೂ ನಕ್ರಿ, ತಲಿ ಹಿಂದಕ್ಕ ಒಗದು, ಬಾಯಿ ತುಂಬ. ಹಂಗ ನೀವು ನಗೂದು ನಾ ಈ ಹನ್ನೊಂದ ವರ್ಷದಾಗ ನೋಡಿಲ್ಲ.

ನೋಡಬಾರದ್ದು ಏನೂ ನೋಡಲಿಲ್ರಿ. ನೋಡಿದ್ರ ಒಳಗ ಬಂದು ಜಗಳ ಆಡಿ, ಅತ್ತು, ಮನಿಗೆ ಬರ್ತಿದ್ನಿ. ತಪ್ಪ ಇಲ್ಲದ್ದಕ್ಕ ಹೆಂಗ ಜಗಳ ಆಡಬೇಕು? ಮಲಿಕಾಬಿ "ಹೋಗ ಬೇ, ಹೋಗಿ ಕರಿ, ನಿನ್ನ ಗಂಡನ ಅಲ್ಲೇನ ಅಂವ" ಅಂತ ಬೆನ್ನಿಗೆ ದಬ್ಬಿದಳು. ನಾ ಹೋಗಲಿಲ್ಲ. ನನ್ನ ಮುಖ ಕಂಡ ಕೂಡ್ಲೆ ನಿಮ್ಮ ನಗಿ ನಿಂದರತೈತಿ ಅಂತ ಅಂಜಿದ್ನಿ. ಹಂಗ ತಿರಗಿ ಬಂದು ಬಸ್ ಹತ್ತಿದ್ನಿ. ದಾರಿ ತುಂಬ ಅದನ್ನ ವಿಚಾರ ಮಾಡಿದ್ನಿ. ನೀವು ಇಲ್ಲಿಗೆ ಬಂದು ಚೀಲ ಇಡೂದ್ರಾಗ ನಾ ನೀರಿಂದು, ಅತ್ತಿಯವರ ಮೊಣಕಾಲಿಂದು, ಎಮ್ಮೀದು, ಸೋರೂ ಮಾಳಗೀದು ಎಲ್ಲಾ ನಿಮ್ಮ ಮುಂದ ಹರವಿಬಿಡ್ತೀನಿ. ನೀವು ಪೇಪರ್ ಹಿಡಕೊಂಡು ಕುಂಡ್ರತೀರಿ. ಅದು ನನ್ನ ತಪ್ಪೂ ಹೌದು.

ಹೊಳಬಸಪ್ಪ ಎದ್ದ. ಶನಿವಾರ ಬರ್ರಿ. ಬೀಜ ಮರತು ಬಂದ್ರೂ ನಡೀತೈತಿ, ಮಡಿ ನಾನ ಅಗೀತೀನಿ. ಆದ್ರ ಆಕಿಗೆ ಏನ ಹೇಳಿ ಅಷ್ಟ ನಗಿಸಿದ್ರಿ, ಅದನ್ನ ನನಗ ಹೇಳ್ರಿ. ಮೊದಲಿಂದ ಹೇಳ್ರಿ, ಆ ನಡಿಗಿ ನಡದು ತೋರಿಸಿ ಹೇಳ್ರಿ. ನಗಾಕ ನನಗೂ ಬರ್ತೈತ್ರಿ.