ಕೆಂಪು ಗುಂಡಿಯನ್ನು ಒಂದೇ ಸಲ ಒತ್ತಬೇಕು

ಫ್ರೆಂಚ್‌ವಿಲ್, ಮೇನ್
ಫೆಬ್ರವರಿ 3, 1994

ಮಾನ್ಯ ಬರ್ನರ್ ಪಂಡಿತರಾದ ಕ್ಲೋವಿಸ್ ಅವರಿಗೆ, ಕಾಗದದ ಮಟ್ಟಿಗಾದರೂ ಇನ್ನೂ ಹೆಂಡತಿಯಾಗಿರುವ ಡೆಲ್ಫೀನ್ ಮಾಡುವ ಬೆಚ್ಚನೆಯ ವಂದನೆ.

'ಬೆಚ್ಚನೆಯ' ಎಂಬ ಮಾತನ್ನು ದಯವಿಟ್ಟು ಗಮನಿಸಿ. ಈ ಪತ್ರದ ಮುಖ್ಯ ಸುದ್ದಿಯೇ ಅದು. ಉಳಿದದ್ದೆಲ್ಲ ಅದರ ಹೊಗೆ.

ಇಷ್ಟು ವರ್ಷ 'ನೀನು' ಎಂದು ಕರೆಯುತ್ತಿದ್ದವಳು ಈಗ 'ನೀವು' ಎನ್ನುತ್ತಿದ್ದೇನೆಂದು ಹುಬ್ಬೇರಿಸಬೇಡಿ. ನಮ್ಮ ಫ್ರೆಂಚ್ ಭಾಷೆಯಲ್ಲಿ ದೇವರಿಗೂ ನಾಯಿಗೂ ಹತ್ತಿರದವರಿಗೂ 'ನೀನು', ಬ್ಯಾಂಕಿನವರಿಗೂ ದೂರ ಹೋದವರಿಗೂ 'ನೀವು'. ನೀವು ಬ್ಯಾಂಕಿನವರಂತೂ ಅಲ್ಲ.

ದೂರದ ಬ್ಯಾಂಗೋರ್ ಪಟ್ಟಣದ ಎಣ್ಣೆ ಕಂಪನಿಯವರು ಕೆಲಸಕ್ಕೆ ಕರೆದಿದ್ದಾರೆಂದು ಆಲೂಗಡ್ಡೆ ಅಗೆಯುವ ಹೊತ್ತಿಗೆ ಹೋದಿರಿ. ಅಲ್ಲಿ ಲೊರೇನ್ ಎಂಬ ವಿಧವೆಯ ನೆಲಮಾಳಿಗೆಯಲ್ಲಿ ಮನೆ ಕಾಯಿಸುವ ಎಣ್ಣೆ ಬರ್ನರ್ ಹೊತ್ತಿಸಲು ಒಳಹೊಕ್ಕವರು ಅಲ್ಲೇ ಬೆಚ್ಚಗೆ ಕೂತಿರಿ. ಅವಳ ಒಲೆ ಹತ್ತಿತು, ನನ್ನ ಹೊಟ್ಟೆ ಉರಿಯಿತು. ಹೊಟ್ಟೆಯುರಿಯಿಂದ ಮನೆ ಕಾಯುವಂತಿದ್ದರೆ ನಾನು ಈ ಚಳಿಗಾಲದಲ್ಲಿ ಒಂದು ಹನಿ ಎಣ್ಣೆ ಕೊಳ್ಳಬೇಕಾಗಿರಲಿಲ್ಲ. ಆಮೇಲೆ ಒಂದು ಭಾನುವಾರ ಬಂದು ಟೂಲ್ ಬಾಕ್ಸ್ ಒಯ್ದಿರಿ, ನಿಮ್ಮ ಅಮ್ಮನನ್ನು ಇಲ್ಲೇ ಬಿಟ್ಟಿರಿ. ಬಾಗಿಲಲ್ಲಿ ನಿಂತು, "ಬರ್ನರ್ ಆರಿದ ದಿನ ನೀನೇ ಫೋನ್ ಮಾಡ್ತೀಯ ಬಿಡು" ಎಂದಿರಿ. ಮಾಡುವುದಿಲ್ಲ ಎಂದು ಆ ಕ್ಷಣವೇ ನಿಶ್ಚಯಿಸಿದೆ. ಮಾಡಿದರೆ ನೀವು ಬರುತ್ತೀರಿ, ಬಂದದ್ದು ನನಗಾಗಿ ಅಲ್ಲ, ಬರ್ನರಿಗಾಗಿ ಎಂದಾಗುತ್ತದೆ. ಜೀವನವಿಡೀ ಒಂದು ಯಂತ್ರಕ್ಕೆ ಸವತಿಯಾಗಿ ಇರಲು ನನ್ನಿಂದಾಗದು.

ಬರ್ನರ್ ನಿನ್ನೆ ಬೆಳಗ್ಗೆ ಆರಿತು.

ಮೂರು ದಿನದಿಂದ ಹಿಮ ಬಿಡದೆ ಸುರಿದು ಅಡುಗೆಮನೆಯ ಕಿಟಕಿಯ ಅರ್ಧಕ್ಕೆ ಬಂದಿತ್ತು. ರಸ್ತೆ ಮುಚ್ಚಿತ್ತು. ಇಲ್ಲಿಯ ಎಣ್ಣೆ ಕಂಪನಿಗೆ ಫೋನ್ ಮಾಡಿದರೆ, "ರಸ್ತೆ ತೆಗೆದ್ರೆ ನೋಡೋಣಮ್ಮ" ಎಂದರು. ನಿಮ್ಮ ಅಮ್ಮ ಎರಡು ಕೋಟು ಹಾಕಿಕೊಂಡು, ಕರೆಂಟಿನ ಓವನ್ ಬಾಗಿಲು ತೆರೆದು ಅದರ ಮುಂದೆ ಕುರ್ಚಿ ಎಳೆದು ಕೂತರು. ಉಸಿರು ಬಿಟ್ಟರೆ ಹೊಗೆ ಬರುತ್ತಿತ್ತು. ಮನೆಯಲ್ಲಿ ಬಿಸಿಯಾಗಿದ್ದದ್ದು ನನ್ನ ತಲೆಯೊಂದೇ.

ಪಕ್ಕದ ಹೊಲದ ಗಿಲ್ಮನ್ ಹಿಮಬೂಟು ಕಟ್ಟಿಕೊಂಡು ಬಂದ. ಬಾಗಿಲಲ್ಲೇ ನಿಂತು, "ಡೆಲ್ಫೀನ್, ಹಠ ಬಿಡೇ. ಅವ್ನಿಗೊಂದು ಫೋನ್ ಹಾಕು, ಏನ್ ಮಾಡ್ಬೇಕು ಅಂತಾದ್ರೂ ಹೇಳ್ತಾನೆ. ಸಾಯಂಕಾಲದೊಳಗೆ ಬಿಸಿ ಬರ್ಲಿಲ್ಲ ಅಂದ್ರೆ ನೀರಿನ ಪೈಪೆಲ್ಲ ಒಡೀತವೆ. ಅಜ್ಜೀನ ಸ್ನೋಮೊಬೈಲ್ ಮೇಲೆ ಕೂರಿಸ್ಕೊಂಡು ಫೋರ್ಟ್ ಕೆಂಟ್ ವೃದ್ಧಾಶ್ರಮಕ್ಕೆ ಬಿಟ್ಟು ಬರ್ತೀನಿ" ಎಂದ.

ಓವನ್ ಕಡೆಯಿಂದ ಉತ್ತರ ಬಂತು. "ನನ್ನನ್ನ ಆ ಗಾಡಿ ಮೇಲೆ ಕೂರಿಸ್ಬೇಕಾದ್ರೆ ಮೊದ್ಲು ಪಾದ್ರೀನ ಕರ್ಕೊಂಡ್ ಬಾ, ಗಿಲ್ಮನ್. ಹೆಣವಾಗೇ ಹತ್ತೋದು."

"ಹಂಗಾರೆ ಫೋನ್ ಮಾಡ್ಸಿ, ಅಜ್ಜಿ."

"ಅವ್ಳು ಮಾಡಲ್ಲ. ನನ್ ಮಗ ಎಷ್ಟು ಮೊಂಡನೋ ಅದಕ್ಕೆ ತಕ್ಕ ಮೊಂಡೀನೇ ಹುಡುಕಿ ತಂದ."

ನಾನು ನೆಲಮಾಳಿಗೆಗೆ ಇಳಿದೆ. ಅದು ನಿಮ್ಮ ರಾಜ್ಯ. ಅಲ್ಲಿ ನನ್ನ ಹುದ್ದೆ ಟಾರ್ಚ್ ಹಿಡಿಯುವುದು. ಮದುವೆಯಾದಾಗಿನಿಂದ ಪ್ರತಿ ಶರತ್ಕಾಲದಲ್ಲೂ ಹಿಡಿದಿದ್ದೇನೆ, ಪ್ರತಿ ಸಲವೂ ಬೈಸಿಕೊಂಡಿದ್ದೇನೆ. "ನಾನ್ ನೋಡೋ ಕಡೆ ಹಿಡಿ ಮಾರಾಯ್ತಿ, ನೀನ್ ನೋಡೋ ಕಡೆ ಅಲ್ಲ." ಆದರೆ ನೋಡದೆ ಇರುತ್ತೇನೆಯೇ? ಟಾರ್ಚ್ ಹಿಡಿದವರಿಗೆ ಬಾಯಿ ಇರಬಾರದು, ಸರಿ; ಕಣ್ಣೂ ಇರಬಾರದೆಂದು ಯಾರೂ ಹೇಳಿರಲಿಲ್ಲ. ನಿನ್ನೆ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡೆ. ಬೈಯಲು ಬಾಯಿಯೂ ಉಳಿಯಲಿಲ್ಲ.

ಆರಿದ ಬರ್ನರನ್ನು ಮತ್ತೆ ಹೊತ್ತಿಸುವ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದೆ. ಒಂದೇ ಸಲ, ನೀವು ಊರಿಗೆಲ್ಲ ಉಪದೇಶಿಸುವ ಹಾಗೆ. ಮೋಟಾರು ಗುರ್ರೆಂದಿತು, ಬೆಂಕಿ ಹತ್ತಲಿಲ್ಲ, ನಿಂತಿತು. ಟ್ಯಾಂಕಿನಲ್ಲಿ ಎಣ್ಣೆ ಕಡಿಮೆ ಇತ್ತು, ನಿಜ. ಕೊನೆಯ ತನಕ ಎಳೆದಾಡಿದ್ದು ನಾನೇ. ತಳದ ರಾಡಿ ಎದ್ದು ದಾರಿಗೆ ಅಡ್ಡ ಕೂತಿರಬೇಕೆಂದು ಊಹಿಸಿದೆ. ಮೊದಲು ಹೊರಗೆ ಹೋಗಿ ಟ್ಯಾಂಕಿನ ಉಸಿರುಕೊಳವೆ ಹಿಮದಲ್ಲಿ ಹೂತಿದೆಯೇ ಎಂದು ಅಗೆದು ನೋಡಿದೆ. ಹೂತಿತ್ತು. ಸೊಂಟದ ತನಕ ಇಳಿದು ಅದನ್ನು ಬಿಡಿಸುವಷ್ಟರಲ್ಲಿ ನಾನೇ ಹೂತುಹೋದೆ. ಸುತ್ತಲೂ ಬಿಳುಪು, ಮೇಲೂ ಬಿಳುಪು, ಮನೆ ಯಾವ ದಿಕ್ಕಿಗೆ ಎಂದೇ ತಿಳಿಯಲಿಲ್ಲ. ಒಂದು ಕ್ಷಣ ಅನ್ನಿಸಿತು: ಮನೆಯೊಳಗೆ ಇರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ಗೋಡೆ ಕಾಣುತ್ತದೆ, ಅಷ್ಟೇ.

ಒಳಗೆ ಬಂದು ಕರೆಂಟು ಆರಿಸಿ ಫಿಲ್ಟರ್ ಬಿಚ್ಚಿದೆ. ರಾಡಿ ಕಪ್ಪು ಜೇನಿನಂತೆ ಸುರಿಯಿತು. ಬಳಿಕ ಎಣ್ಣೆ ಚಿಮ್ಮಿಸುವ ಬರ್ನರಿನ ಮೂತಿ ಬಿಚ್ಚಬೇಕಿತ್ತು. ಟೂಲ್ ಬಾಕ್ಸ್ ಬ್ಯಾಂಗೋರಿನಲ್ಲಿ. ನನ್ನ ಬಳಿ ನಿಮ್ಮ ಅಪ್ಪನ ತುಕ್ಕು ಸ್ಪಾನರು, ಅಡುಗೆಮನೆಯ ಇಕ್ಕಳ. ಆದರೂ ಆಯಿತು. ಮೂತಿ ತಿರುಗಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನೀವೇ ಎಷ್ಟೋ ಸಲ ಹೇಳಿದ್ದೀರಲ್ಲ. ನೀವು ಮರೆತುಹೋದ ಕಾಫಿ ಡಬ್ಬಿಯಲ್ಲಿ ಹೊಸ ಮೂತಿ ಇತ್ತು. ಹಾಕಿದೆ. ಪಂಪಿನ ತಿರುಪು ಸಡಿಲಿಸಿ ಕೊಳವೆಯ ಗಾಳಿ ಬಿಟ್ಟೆ. ಎಣ್ಣೆ ಮೊದಲು ಕೆಮ್ಮಿತು, ಉಗುಳಿತು, ಆಮೇಲೆ ನೆಟ್ಟಗೆ ಹರಿಯಿತು.

ಕೆಂಪು ಗುಂಡಿ ಒತ್ತಿದೆ.

ಕ್ಲೋವಿಸ್, ಆಗ ನೀನಿರಬೇಕಿತ್ತು. (ನೀವಿರಬೇಕಿತ್ತು.) ಢಮ್ ಎಂದ ಸದ್ದಿಗೆ ಚಿಮಣಿಯ ಕೊಳವೆ ಕಳಚಿ ನನ್ನ ಹೆಗಲ ಮೇಲೆ ಬಿತ್ತು. ಮಸಿ ನೆಲಮಾಳಿಗೆ ತುಂಬಿ, ಬಿಸಿಗಾಳಿ ಹೋಗಬೇಕಾದ ದಾರಿಯಲ್ಲೆಲ್ಲ ನುಗ್ಗಿ, ಮೇಲಿನ ಪ್ರತಿ ಕೋಣೆಗೂ ಹೋಗಿ ಬಂತು. ಮನೆತನದ ಮುಖಕ್ಕೆ ಮಸಿ ಬಳಿದವರು ನೀವು. ನಿಜವಾದ ಮಸಿ ಬಿದ್ದದ್ದು ನಮ್ಮಿಬ್ಬರ ಮುಖಕ್ಕೆ. ಮೆಟ್ಟಿಲು ಹತ್ತಿ ಬಂದರೆ ನಿಮ್ಮ ಅಮ್ಮ ಕುರ್ಚಿಯಲ್ಲಿ ಕೂತಲ್ಲೇ ಕೂತಿದ್ದರು, ಕಣ್ಣಿನ ಬಿಳಿ ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಕೈಯಲ್ಲಿ ಜಪಸರ.

"ಅತ್ತೆ, ನಾನು ಹೊರಗೆ ಹೋಗಿದ್ದಾಗ ಆ ಗುಂಡಿ ಮುಟ್ಟಿದ್ರಾ?"

"ಮುಟ್ಟಿದೆ ಕಣೇ. ನೀನು ಚಳೀಲಿ ಒದ್ದಾಡ್ತಿದ್ದೆ, ಕೂತ್ಕೊಂಡು ನೋಡೋಕಾಗತ್ತಾ? ಪಿತನ ಹೆಸರಲ್ಲಿ ಒಂದ್ಸಲ ಒತ್ತಿದೆ. ಸುತನ ಹೆಸರಲ್ಲಿ ಒಂದ್ಸಲ. ಪವಿತ್ರಾತ್ಮನ ಹೆಸರಲ್ಲಿ ಒಂದ್ಸಲ."

"ಅಷ್ಟೇನಾ?"

"ತಾಯಿ ಮರಿಯಮ್ಮ ಬೇಜಾರು ಮಾಡ್ಕೋಬಾರ್ದು ಅಂತ ಇನ್ನೊಂದ್ಸಲ."

ಪ್ರತಿ ಸಲ ಒತ್ತಿದಾಗಲೂ ಒಳಗೆ ಎಣ್ಣೆ ಜಿನುಗಿ ಕೂರುತ್ತದೆ ಎಂದು ಈ ಕಣಿವೆಯ ಮಕ್ಕಳಿಗೂ ಗೊತ್ತು; ನಲವತ್ತು ವರ್ಷ ಬರ್ನರಿನವನ ಹೆಂಡತಿಯಾಗಿ, ಆಮೇಲೆ ಬರ್ನರಿನವನ ತಾಯಿಯಾಗಿ ಬಾಳಿದ ಈ ಮಹಾತಾಯಿಗೆ ಗೊತ್ತಿಲ್ಲ. ಒಂದು ದಿನವೂ ಮೆಟ್ಟಿಲಿಳಿದಿರಲಿಲ್ಲವಂತೆ. ನಿನ್ನೆ ನನಗಾಗಿ ಇಳಿದರು. ಎಣ್ಣೆ ಹೆಚ್ಚಾದರೆ ಯಾವ ಬರ್ನರೂ ಯಾವ ಗಂಡಸೂ ಎಬ್ಬಿಸಿದಾಗ ಏಳುವುದಿಲ್ಲ. ಎದ್ದರೆ ರಂಪ ಮಾಡುತ್ತಾರೆ. ನಾನು ಬೈಯಲು ಬಾಯಿ ತೆರೆದೆ. ಅವರು ನನ್ನ ಮುಖ ನೋಡಿ, "ನಿನ್ ಹಲ್ಲು ಇಷ್ಟು ಬೆಳ್ಳಗಿದ್ದಾವೆ ಅಂತ ಗೊತ್ತೇ ಇರ್ಲಿಲ್ಲ" ಎಂದರು. ನಗಬಾರದೆಂದುಕೊಂಡೆ, ಆಗಲಿಲ್ಲ.

ಕೊಳವೆ ಮತ್ತೆ ಜೋಡಿಸಿ, ಒಳಗೆ ಉಳಿದಿದ್ದ ಎಣ್ಣೆಯನ್ನು ನಿಮ್ಮ ಹಳೆಯ ಶರ್ಟುಗಳಲ್ಲಿ ಒರೆಸಿ, ಮತ್ತೊಮ್ಮೆ ಒತ್ತಿದೆ. ಈ ಸಲ ಬೆಂಕಿ ಹತ್ತಿತು, ಚೆನ್ನಾಗಿಯೇ ಹತ್ತಿತು. ಒಂದು ನಿಮಿಷವೂ ಉರಿಯದೆ ಆರಿತು. ಕಾದು ಮತ್ತೆ ನೋಡಿದೆ. ಹತ್ತಿತು, ಆರಿತು. ಅಷ್ಟರಲ್ಲಿ ಅಡುಗೆಮನೆಯ ನಲ್ಲಿಯಲ್ಲಿ ನೀರು ಬರುವುದು ನಿಂತಿತ್ತು. ಗಿಲ್ಮನ್ ಸ್ನೋಮೊಬೈಲಿಗೆ ಕಂಬಳಿ ಹಾಸುವುದು ಕಿಟಕಿಯಿಂದ ಕಾಣುತ್ತಿತ್ತು. ನಿಮ್ಮ ಅಮ್ಮ ಅದನ್ನು ನೋಡಿ ಜಪಸರವನ್ನು ಕೋಟಿನ ಜೇಬಿಗೆ ಇಳಿಸಿದರು. ತಮಾಷೆ ಮಾಡದ ನಿಮ್ಮ ಅಮ್ಮನನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಆಮೇಲೆ ಸ್ವಲ್ಪ ಹೊತ್ತು ನಾನೇನು ಮಾಡಿದೆ ಎಂಬುದು ಮುಖ್ಯವಲ್ಲ. ಮುಖ್ಯವಾದದ್ದು, ನನಗೆ ಹೊಳೆಯಿತು: ಕಣ್ಣು. ಬರ್ನರಿನ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಒಳಗೆ ಬಟಾಣಿಯಷ್ಟು ಗಾಜಿನ ಕಣ್ಣು ಇದೆಯಲ್ಲ, ಬೆಂಕಿ ಉರಿಯುತ್ತಿದೆಯೇ ಎಂದು ನೋಡಿಕೊಳ್ಳುವುದೇ ಅದರ ಕೆಲಸ. ಅದಕ್ಕೆ ಮಸಿ ಹಿಡಿದರೆ ಎದುರಿಗೇ ಧಗಧಗ ಉರಿಯುತ್ತಿದ್ದರೂ ಏನೂ ಇಲ್ಲ ಅಂದುಕೊಂಡು ಎಣ್ಣೆ ನಿಲ್ಲಿಸಿಬಿಡುತ್ತದೆ. ಈ ವಿಷಯದ ಮೇಲೆ ನಾನು ಹೆಚ್ಚು ಬರೆಯುವುದಿಲ್ಲ, ನೀವು ತಿಳಿದವರು. ಕಣ್ಣನ್ನು ಲಂಗದ ಅಂಚಿನಿಂದ ಒರೆಸಿದೆ. ಗುಂಡಿ ಒತ್ತಿದೆ. ಹತ್ತಿತು. ಆರಲಿಲ್ಲ.

ನಲ್ಲಿಯಲ್ಲಿ ಮತ್ತೆ ನೀರು ಬಂತು, ನಿಮ್ಮ ಅಮ್ಮ ಕೋಟು ಬಿಚ್ಚಿದರು. ನಮ್ಮ ಕಣಿವೆಯ ಆ ಹಳದಿ ಬಕ್‌ವೀಟ್ ಹಿಟ್ಟಿನ ದೋಸೆ ಹೊಯ್ದೆ, ಬೆಣ್ಣೆ ಸವರಿ ಸುತ್ತಿ ತಿಂದೆವು. ದೋಸೆಯಲ್ಲೂ ಸ್ವಲ್ಪ ಮಸಿ ಇತ್ತು. ಗಿಲ್ಮನ್ ಬಂದು ಬಿಸಿಗಾಳಿ ಬರುವ ಕಿಂಡಿಗೆ ಕೈಯೊಡ್ಡಿ ನೋಡಿ, "ನಮ್ಮನೇದೂ ಸ್ವಲ್ಪ ಹೊಗೆ ಬಿಡ್ತಿದೆ, ಪುರುಸೊತ್ತಾದಾಗ ಬಾರೇ" ಎಂದು ಹೇಳಿ ಹೋದ. ಹಾಗೆ, ನೀವು ಬಿಟ್ಟುಹೋದ ಗಿರಾಕಿಗಳೂ ನನ್ನ ಕೊರಳಿಗೆ ಬಿದ್ದರು.

ಆದರೆ ಒಂದು ಮಾತು. ಬೆಚ್ಚಗೆ ಕೂತ ಮೇಲೆ ನನಗೆ ಅಂಥ ಸಂತೋಷವೇನೂ ಆಗಲಿಲ್ಲ. ಇಷ್ಟು ದಿನ ಬರ್ನರ್ ಸರಿಮಾಡಲು ಬರುವುದಿಲ್ಲ ಎಂಬ ನೆಪ ಇತ್ತು. ಎಂದೋ ಒಂದು ದಿನ ಅದು ಕೆಟ್ಟು, ನಾನು ಸೋತು, ನೀವು ಬಂದು... ಹಾಗೊಂದು ಬಾಗಿಲನ್ನು ನಾನೇ ಓರೆ ಮಾಡಿಟ್ಟುಕೊಂಡಿದ್ದೆನೆಂದು ನಿನ್ನೆ ತಿಳಿಯಿತು. ಅದನ್ನು ನನ್ನ ಕೈಯಾರೆ ಮುಚ್ಚಿದೆ. ಈಗ ಈ ಮನೆಯಲ್ಲಿ ನಾನಿದ್ದೇನೆ, ನಿಮ್ಮ ಅಮ್ಮ ಇದ್ದಾರೆ, ಸರಿಯಾಗಿ ಉರಿಯುವ ಒಂದು ಬರ್ನರ್ ಇದೆ. ನಿಮ್ಮನ್ನು ಕರೆಯಲು ಒಂದು ಕಾರಣವೂ ಇಲ್ಲ.

ಮಸಿ ತೊಳೆದಷ್ಟೂ ಬಿಡದ,
ಡೆಲ್ಫೀನ್

ತಾ.ಕ.: ನಿಮ್ಮ ಅಮ್ಮನಿಗೆ ಪತ್ರ ಓದಿ ಹೇಳಿದೆ. "ಮಧ್ಯೆ ಒಂದು ಕಡೆ ನುಂಗಿದ್ದೀಯ, ಅದನ್ನೂ ಬರಿ" ಎಂದರು. ಬರೆಯುತ್ತೇನೆ.

ಫೋನ್ ಮಾಡಿದೆ. ನಲ್ಲಿ ನಿಂತಾಗ. ಲೊರೇನ್ ಎತ್ತಿದಳು. ಕ್ಲೋವಿಸ್ ಇದ್ದಾರಾ ಎಂದೆ. "ಊರವರ ಬರ್ನರೆಲ್ಲ ರಿಪೇರಿ ಮಾಡ್ತಾ ಎಲ್ಲೋ ಇದ್ದಾನೆ. ಮೊನ್ನೆಯಿಂದ ಮನೆಗೇ ಬಂದಿಲ್ಲ. ನೀವೂ ಸಾಲಲ್ಲಿ ನಿಂತ್ಕೊಳ್ಳಿ" ಎಂದಳು. ಅವಳ ಹಲ್ಲೂ ಚಳಿಗೆ ಕಟಕಟ ಅನ್ನುತ್ತಿದ್ದವು.

"ನಾನು ಗಿರಾಕಿ ಅಲ್ಲ. ಹೆಂಡತಿ."

"ನಿಮ್ಮನೇದೂ ಆರಿದೆಯಾ?" ಎಂದಳು.

ಅವಳದೂ ಹತ್ತಿ ಆರುತ್ತಿತ್ತಂತೆ. ನೀವು ಅವಳ ಮನೆಗೆ ಹೋದಾಗಿನಿಂದ ಅದನ್ನು ಯಾರೂ ತೊಳೆದೇ ಇಲ್ಲವಂತೆ. ಇಲ್ಲೂ ಹಾಗೇ ತಾನೇ, ಪ್ರತಿ ಬಿರುಗಾಳಿಗೂ ನೀವು ಬೇರೆಯವರ ಮನೆಯಲ್ಲಿ. ಅವಳು ತನ್ನ ಬರ್ನರಿನ ಕಥೆ ಹೇಳುತ್ತಿದ್ದಾಗಲೇ ನನಗೆ ಆ ಗಾಜಿನ ಕಣ್ಣಿನ ವಿಷಯ ಹೊಳೆದದ್ದು. ನನ್ನದು ನನಗೆ ಕಂಡಿರಲಿಲ್ಲ. ಇಬ್ಬರೂ ರಿಸೀವರ್ ಕೆಳಗಿಟ್ಟು ನಮ್ಮ ನಮ್ಮ ನೆಲಮಾಳಿಗೆಗೆ ಇಳಿದೆವು. ಮತ್ತೆ ಎತ್ತಿಕೊಂಡಾಗ ಎರಡೂ ಕಡೆ ಉರಿಯುತ್ತಿತ್ತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ನನ್ನ ಇಂಗ್ಲಿಷಿಗೆ ತಿಳಿಯಲಿಲ್ಲ. "ಅವನು ಬಂದ್ರೆ ಬಾಗ್ಲು ತೆಗೀಲಾ?" ಎಂದು ಕೇಳಿದಳು. ಮನೆ ನಿಂದು ಎಂದೆ.

ಆದ್ದರಿಂದ ಇದು ನಿಮಗೆ ಅವಳ ಬಾಗಿಲಿನ ಒಳಗೆ ಸಿಗುತ್ತದೋ ಹೊರಗೋ ನನಗೆ ಗೊತ್ತಿಲ್ಲ. ಅಂಚೆ ತಲುಪಿತೆಂದರೆ ಇಲ್ಲಿಯ ರಸ್ತೆ ತೆರೆದಿದೆ ಎಂದಷ್ಟೇ ಅರ್ಥ. ಅದಕ್ಕೆ ಬೇರೆ ಅರ್ಥ ಹಚ್ಚಬೇಡಿ.