ಹನ್ನೆರಡು ಹೆಜ್ಜೆ ಆಚೆಯ ಬಾಗಿಲು

ಕೇಳಯ್ಯಾ ಫಿಯಾಕ್ರ, ಮಣ್ಣಲ್ಲಿ ಮಲಗಿರುವ ಮಹಾನುಭಾವ,

ನಮ್ಮ ಸರ್ಕಾರ ಕೂರುವ ಸ್ಟಾರ್ಮಾಂಟ್ ಗುಡ್ಡದ ಮೇಲೆ ಇವತ್ತು ಮತ್ತೆ ಅಂಕದ ಪರದೆ ಜಾರಿತು. ಜಾರಿಸಿದವನು ನಾನೇ. ಕಡಲಾಚೆಯ ಬ್ರಿಟನ್ನಿನಿಂದ ಬರುವ ಸರಕನ್ನು ನಮ್ಮ ಬಂದರಿನಲ್ಲಿ ತಪಾಸಣೆ ಮಾಡಿದರೆ ನಾವು ಬ್ರಿಟಿಷರೇ ಅಲ್ಲ ಎಂದಂತೆ, ಎಂದು ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ನಮ್ಮ ಪಕ್ಷ ಗುಡುಗಿತು. ಮೊದಲ ಮಂತ್ರಿಯ ಕುರ್ಚಿಗೆ ನನ್ನ ರಾಜೀನಾಮೆ ಟೈಪಾಗಿ ಮೇಜಿಗೆ ಬಂತು. ಎರಡೂ ಪಂಗಡದ ಮುಖಂಡರು ಸಮನಾಗಿ ಕೂರುವ ಜೋಡಿ ಕುರ್ಚಿಯ ಕಾನೂನು ನಿನಗೆ ಗೊತ್ತಲ್ಲ: ನಾನು ಎದ್ದರೆ ನಿಮ್ಮ ಕಡೆಯವರೂ ಅದೇ ಗಳಿಗೆಗೆ ಇಳಿಯಬೇಕು. ಎಂಟು ವರ್ಷದ ಹಿಂದೆ ನಾನು ಎದ್ದಾಗ ಹಾಗೇ ನೀನು ಇಳಿದೆ. ಈಗ ಆ ಕುರ್ಚಿಯಲ್ಲಿ ನಿನ್ನ ಮಗಳು ಓರ್ಲಾ.

ಸಹಿಗೆ ಮುಂಚೆ ಅವಳ ಕೋಣೆಗೆ ಹೋದೆ. ಬೆಣ್ಣೆ ಹಚ್ಚಿದ ಸ್ಕೋನ್ ತಿನ್ನುತ್ತಾ, ಕಿವುಡ ಮಕ್ಕಳ ಶಾಲೆಗಳ ಮಸೂದೆ ತಿದ್ದುತ್ತಿದ್ದಳು. ವಿಷಯ ಹೇಳಿದೆ.

"ಮಸೂದೆ ಗುರುವಾರ ಮತಕ್ಕೆ ಬರುತ್ತೆ. ಅಲ್ಲೀವರೆಗಾದ್ರೂ ತಡೀತಾರಾ ನಿಮ್ಮೋರು?"

"ಕೇಳ್ದೆ. ಆಗಲ್ಲ ಅಂದ್ರು."

"ನೀವೂ ಆಗಲ್ಲ ಅನ್ನಬಹುದಿತ್ತು, ಮರ್ವಿನ್."

ನಾನು ಕಿಟಕಿ ನೋಡಿದೆ. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

"ಹೋಗ್ಲಿ, ಬಂದು ಹೇಳಿದ್ರಲ್ಲ. ಅಪ್ಪನಿಗೆ ಅವತ್ತು ರೇಡಿಯೋ ಹೇಳಿತ್ತು. 'ಅವನ ಬಾಗಿಲಿಂದ ನನ್ನ ಬಾಗಿಲಿಗೆ ಹನ್ನೆರಡೇ ಹೆಜ್ಜೆ' ಅಂತ ಕೊನೇವರೆಗೂ ಅಂತಿದ್ರು."

ವಾಪಸ್ ಬರುವಾಗ ಎಣಿಸಿದೆ. ಹನ್ನೆರಡೇ. ಆಮೇಲೆ ಕೂತು ಸಹಿ ಹಾಕಿದೆ.

ಮರ್ವಿನ್