ಎರಡನೆಯ ರೊಟ್ಟಿ

ಅರಿಮಾ, ಗುರುವಾರ, ಮಾರ್ಚ್ ೧೪

ರೇಡಿಯೋದಲ್ಲಿ ರೇಸಿನ ಸುದ್ದಿ ಹೇಳುವ ಕಾರ್ಲೈಲ್ ಜನ್ಮದಲ್ಲಿ ಕುದುರೆ ಹತ್ತಿದವನಲ್ಲ. ಆದರೂ ಜಾಕಿಯಾದ ನನ್ನ ಗಂಡ ಬಾಸ್ದೇವ್ ಸವಾರಿ ಮರೆತಿದ್ದಾನೆಂದು ತಿಂಗಳಿಂದ ಸಾರುತ್ತಿದ್ದಾನೆ. ಗೆದ್ದರೆ ತರಬೇತುದಾರನ ಜಾಣ್ಮೆ, ಸೋತರೆ ಜಾಕಿಯ ತಪ್ಪು. ಪತ್ರಿಕೆಗಳದ್ದೂ ಇದೇ ರಾಗ. ಬಾಸ್ದೇವ್ ಸೋಲುತ್ತಿರುವುದೂ ಸುಳ್ಳಲ್ಲ. ಊಟಕ್ಕೆ ಕೂತು ದಿನವೂ ರೇಡಿಯೋ ಜೊತೆ ಜಗಳವಾಡುತ್ತಿದ್ದ.

ಇಂದು ಕಾರ್ಲೈಲ್ ಶನಿವಾರದ ರೇಸುಗಳ ಬಗ್ಗೆ ಬಹಳ ಹೊತ್ತು ಮಾತಾಡಿದ. ಇವನ ಹೆಸರನ್ನೇ ಎತ್ತಲಿಲ್ಲ.

"ನೋಡ್ದ್ಯಾ ಬಾಸೂ, ಇವತ್ತು ನಿನ್ನ ತಂಟೆಗೆ ಬರ್ಲಿಲ್ಲ ಅವ್ನು," ಎಂದೆ.

"ಹ್ಞೂಂ. ಇನ್ನೊಂದು ರೊಟ್ಟಿ ಹಾಕು."

ಶನಿವಾರ ಸವಾರಿಯಿದ್ದರೆ, ತೂಕಕ್ಕೆ ಹೆದರಿ, ಅರ್ಧ ರೊಟ್ಟಿಗೇ ಕೈ ತೊಳೆಯುವ ಮನುಷ್ಯ.

ಈ ಸಲ ಯಾವ ಕುದುರೆ ಎಂದು ನಾನು ಕೇಳಲಿಲ್ಲ. ಬೆಣ್ಣೆ ಸವರಿ ಹಾಕಿದೆ.